ಸಿಂಹಾಸನದ ಪಕ್ಕದಲ್ಲಿ ನಿಂತವನು

ರಾಜ್ಯಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಇಬ್ಬರನ್ನು ಮರೆಯುವುದಿಲ್ಲ: ಸಿಂಹಾಸನವನ್ನೇರಿ ಆಳಿದವನನ್ನು, ಏರಹೋಗಿ ಬಿದ್ದವನನ್ನು. ಸಿಂಹಾಸನ ಕೈಗೆಟುಕುವಷ್ಟು ಹತ್ತಿರವಿದ್ದೂ ಅದನ್ನು ಏರದೆ, ಅದರ ಪಕ್ಕದಲ್ಲಿಯೇ ನಿಂತು ಆಯುಷ್ಯವನ್ನು ಕಳೆದವನ ವಿಷಯದಲ್ಲಿ ಮಾತ್ರ ಚರಿತ್ರೆ ಕೊಂಚ ಜಿಪುಣತನ ತೋರುತ್ತದೆ. ಅಂಥವನೊಬ್ಬನ ಜೀವನವನ್ನು ಇಂದು ತಮ್ಮ ಮುಂದಿಡಬೇಕೆಂದಿದ್ದೇನೆ. ಅವನ ಹೆಸರು ನಿಕೆಫೊರೊಸ್ ಬ್ರಿಯೆನ್ನಿಯೊಸ್. ಹನ್ನೊಂದನೆಯ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿ, ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಕಣ್ಮುಚ್ಚಿದ ಈತ ಬೈಜಾಂಟಿಯಮ್ ಸಾಮ್ರಾಜ್ಯದ ದಂಡನಾಯಕ, ಚಕ್ರವರ್ತಿಯ ಅಳಿಯ, ಗ್ರಂಥಕರ್ತ. ನಿಕೆಫೊರೊಸ್ ಎಂದರೆ ಗ್ರೀಕ್ ಭಾಷೆಯಲ್ಲಿ ‘ವಿಜಯವನ್ನು ತರುವವನು’ ಎಂದರ್ಥ. ಈತನು ಗಳಿಸಿದ ವಿಜಯ ಯಾವ ಬಗೆಯದು ಎಂಬುದೇ ಈ ಭಾಷಣದ ವಿಷಯ.

ಮೊದಲಿಗೆ ಆ ಸಾಮ್ರಾಜ್ಯದ ಸಂಗತಿಯನ್ನು ನಾಲ್ಕು ಮಾತುಗಳಲ್ಲಿ ಹೇಳಬೇಕು. ನಾವು ಬೈಜಾಂಟಿಯಮ್ ಎಂದು ಕರೆಯುವ ರಾಜ್ಯದ ಜನ ತಮ್ಮನ್ನು ಆ ಹೆಸರಿನಿಂದ ಕರೆದುಕೊಂಡವರಲ್ಲ. ತಾವು ರೋಮನರು ಎಂದೇ ಅವರು ಹೇಳಿಕೊಳ್ಳುತ್ತಿದ್ದರು. ಪಶ್ಚಿಮದ ರೋಮ್ ಐದನೆಯ ಶತಮಾನದಲ್ಲಿ ಕುಸಿದ ಮೇಲೆ, ಪೂರ್ವದಲ್ಲಿ ಕಾನ್‌ಸ್ಟಾಂಟಿನೋಪಲ್ ನಗರವನ್ನು ರಾಜಧಾನಿಯಾಗಿ ಉಳ್ಳ ಅದೇ ರೋಮನ್ ಸಾಮ್ರಾಜ್ಯ ಗ್ರೀಕ್ ಮಾತನಾಡುತ್ತ, ಕ್ರೈಸ್ತಧರ್ಮವನ್ನು ಪಾಲಿಸುತ್ತ ಇನ್ನೂ ಸಾವಿರ ವರ್ಷ ಬಾಳಿತು. ಇಂದಿನ ಇಸ್ತಾಂಬುಲ್ ನಗರವೇ ಆ ಕಾನ್‌ಸ್ಟಾಂಟಿನೋಪಲ್.

ಇಷ್ಟು ದೀರ್ಘಕಾಲ ಬಾಳಿದ ರಾಜ್ಯದಲ್ಲಿ ಒಂದು ಕೊರತೆ ಕೊನೆಯವರೆಗೂ ಉಳಿದೇ ಇತ್ತು. ಚಕ್ರವರ್ತಿಯ ಬಳಿಕ ಯಾರು ಚಕ್ರವರ್ತಿ ಎಂಬುದಕ್ಕೆ ಬರೆದಿಟ್ಟ ಶಾಸನವಿರಲಿಲ್ಲ. ತಂದೆಯ ಬಳಿಕ ಮಗ ಎಂಬ ರೂಢಿಯೇನೋ ಇತ್ತು. ಆದರೆ ಸೈನ್ಯ, ಸೆನೆಟ್ ಸಭೆ, ರಾಜಧಾನಿಯ ಜನ ಇವರು ಒಕ್ಕೊರಲಿನಿಂದ ಜಯಕಾರ ಮಾಡಿದರೆ ಯಾವ ದಂಡನಾಯಕನಾದರೂ ಚಕ್ರವರ್ತಿಯಾಗಬಹುದಾಗಿತ್ತು. ಆದಕಾರಣ ಗೆದ್ದು ಬಂದ ಪ್ರತಿಯೊಬ್ಬ ಸೇನಾಪತಿಯೂ ಅರಮನೆಗೆ ಆಪತ್ತಾಗಿಯೇ ಕಾಣುತ್ತಿದ್ದನು. 1025ರಲ್ಲಿ ಎರಡನೆಯ ಬಾಸಿಲ್ ಚಕ್ರವರ್ತಿ ತೀರಿಕೊಂಡ. ಅಂದಿನಿಂದ 1081ರವರೆಗಿನ ಐವತ್ತಾರು ವರ್ಷಗಳಲ್ಲಿ ಆ ಪೀಠವನ್ನೇರಿದವರ ಸಂಖ್ಯೆ ಹನ್ನೆರಡನ್ನೂ ಮೀರುತ್ತದೆ. ಈ ಲೆಕ್ಕವನ್ನು ಕೇಳುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು; ಕೊನೆಯಲ್ಲಿ ಅದು ಬೇಕಾಗುತ್ತದೆ.

ಪೀಠಕ್ಕೆ ಕೈಚಾಚಿ ಸೋತವನಿಗೆ ಅಲ್ಲಿ ಒಂದು ವಿಶಿಷ್ಟವಾದ ಶಿಕ್ಷೆಯಿತ್ತು. ಅವನ ಕಣ್ಣುಗಳನ್ನು ಕೀಳುತ್ತಿದ್ದರು. ಇದರ ಹಿಂದೆ ಕ್ರೌರ್ಯದ ಜೊತೆಗೆ ಒಂದು ಲೆಕ್ಕಾಚಾರವೂ ಇತ್ತು. ಚಕ್ರವರ್ತಿಯಾಗುವವನು ಸರ್ವಾಂಗಗಳೂ ಸರಿಯಾಗಿ ಉಳ್ಳವನಾಗಿರಬೇಕು ಎಂಬುದು ಅವರ ನಂಬಿಕೆ. ಬಹಳ ಹಿಂದೆ ಎರಡನೆಯ ಜಸ್ಟಿನಿಯನ್ ಎಂಬವನ ಮೂಗನ್ನು ಕೊಯ್ದು ಗಡೀಪಾರು ಮಾಡಿದ್ದರು. ಅವನು 705ರಲ್ಲಿ ಹಿಂದಿರುಗಿ ಮತ್ತೆ ಆಳಿದ. ಮೂಗಿಲ್ಲದವನು ಆಳಿಯಾನು, ಕಣ್ಣಿಲ್ಲದವನು ಆಳಲಾರ ಎಂಬ ಪಾಠವನ್ನು ಆ ಆಸ್ಥಾನ ಕಲಿತುಕೊಂಡಿತು. ಕೊಲ್ಲದೆಯೇ ಒಬ್ಬನನ್ನು ರಾಜಕೀಯದಿಂದ ಅಳಿಸಿಹಾಕುವ ಉಪಾಯವಾಯಿತು ಅದು.

ನಮ್ಮ ಕಥಾನಾಯಕನ ಮನೆತನಕ್ಕೆ ಈ ಶಿಕ್ಷೆಯ ಪರಿಚಯ ಚೆನ್ನಾಗಿಯೇ ಇತ್ತು. ಬ್ರಿಯೆನ್ನಿಯೊಸ್ ವಂಶದವರ ಊರು ಆಡ್ರಿಯನೋಪಲ್. ತುರ್ಕಿಯ ಇಂದಿನ ಎದಿರ್ನೆ ಪಟ್ಟಣ. ಸಾಮ್ರಾಜ್ಯದ ಪಶ್ಚಿಮ ಪ್ರಾಂತಗಳಲ್ಲಿ ಇವರದು ದೊಡ್ಡ ಹೆಸರು, ದೊಡ್ಡ ಆಸ್ತಿ. ಈತನ ಅಜ್ಜನ ಹೆಸರೂ ನಿಕೆಫೊರೊಸ್ ಬ್ರಿಯೆನ್ನಿಯೊಸ್ ಎಂದೇ. ಆತ ತಂದೆಯೆಂದು ಹೇಳುವವರೂ ಉಂಟು. ಅಜ್ಜನೆಂಬುದೇ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಇಬ್ಬರಿಗೂ ಒಂದೇ ಹೆಸರಾದ್ದರಿಂದ ನಾವು ಅಜ್ಜನನ್ನು ಹಿರಿಯ ಬ್ರಿಯೆನ್ನಿಯೊಸ್ ಎನ್ನೋಣ.

1071ರ ಆಗಸ್ಟ್ ತಿಂಗಳಿನಲ್ಲಿ ಸೆಲ್ಜುಕ್ ತುರ್ಕರಿಗೂ ಬೈಜಾಂಟಿಯಮ್ ಸೈನ್ಯಕ್ಕೂ ನಡೆದ ಮಂಜಿಕರ್ಟ್ ಯುದ್ಧ ಲೋಕಪ್ರಸಿದ್ಧವಾದುದು. ಚಕ್ರವರ್ತಿ ರೊಮಾನೊಸ್ ಅಂದು ಸೆರೆಸಿಕ್ಕ. ಆ ಯುದ್ಧದಲ್ಲಿ ಸೈನ್ಯದ ಎಡಪಕ್ಕವನ್ನು ನಡೆಸಿದವನು ಈ ಹಿರಿಯ ಬ್ರಿಯೆನ್ನಿಯೊಸ್. ಸುಲ್ತಾನನು ಬಿಡುಗಡೆ ಮಾಡಿ ಕಳುಹಿಸಿದ ರೊಮಾನೊಸನನ್ನು ಅವನದೇ ರಾಜಧಾನಿಯ ಜನ ಒಳಗೆ ಸೇರಿಸಲಿಲ್ಲ. 1072ರಲ್ಲಿ ಅವನ ಕಣ್ಣು ಕಿತ್ತರು. ಆ ಗಾಯದಿಂದಲೇ ಆತ ಸತ್ತ. ಶತ್ರುವಿನ ಕೈಯಲ್ಲಿ ಉಳಿದ ಕಣ್ಣು ಸ್ವಜನರ ಕೈಯಲ್ಲಿ ಉಳಿಯಲಿಲ್ಲ.

ಅವನ ತರುವಾಯ ಆಳಿದ ಏಳನೆಯ ಮೈಕೇಲನ ಕಾಲದಲ್ಲಿ ಗೋಧಿಯ ಬೆಲೆ ಏರಿತು. ಒಂದು ಚಿನ್ನದ ನಾಣ್ಯಕ್ಕೆ ಸಿಗಬೇಕಾದ ಒಂದು ಅಳತೆ ಧಾನ್ಯದಲ್ಲಿ ಕಾಲುಭಾಗ ಕಡಿಮೆಯಾಯಿತಂತೆ. ಜನ ಅವನಿಗೆ ‘ಪರಪಿನಾಕಿಸ್’, ಅಂದರೆ ‘ಕಾಲುಭಾಗ ಕಳೆದವನು’ ಎಂದೇ ಅಡ್ಡಹೆಸರಿಟ್ಟರು. 1077ರ ಕೊನೆಯಲ್ಲಿ ಹಿರಿಯ ಬ್ರಿಯೆನ್ನಿಯೊಸನು ದಂಗೆಯೆದ್ದು, ಸೈನ್ಯದಿಂದ ಚಕ್ರವರ್ತಿಯೆಂದು ಜಯಕಾರ ಹೇಳಿಸಿಕೊಂಡು ಆಡ್ರಿಯನೋಪಲನ್ನು ಪ್ರವೇಶಿಸಿದ. ತಮ್ಮನಾದ ಜಾನನನ್ನು ರಾಜಧಾನಿಯ ಕಡೆಗೆ ಕಳುಹಿಸಿದ. ಆದರೆ ತಮ್ಮನ ಸೈನಿಕರು ಕೋಟೆಯ ಹೊರಗಿನ ಮನೆಗಳಿಗೆ ಬೆಂಕಿಯಿಟ್ಟರು. ಬಾಗಿಲು ತೆರೆಯಬೇಕಾಗಿದ್ದ ನಗರದ ಜನ ಮುಖ ತಿರುಗಿಸಿಕೊಂಡರು. ಅಷ್ಟರಲ್ಲಿ ಪೂರ್ವದಿಂದ ಬಂದ ಇನ್ನೊಬ್ಬ ಬಂಡಾಯಗಾರ, ವೃದ್ಧನಾದ ನಿಕೆಫೊರೊಸ್ ಬೊಟಾನಿಯಾಟಿಸ್, 1078ರಲ್ಲಿ ಪೀಠವನ್ನೇರಿಬಿಟ್ಟ.

ಹೊಸ ಚಕ್ರವರ್ತಿ ಹಿರಿಯ ಬ್ರಿಯೆನ್ನಿಯೊಸನೊಡನೆ ಸಂಧಾನಕ್ಕೆ ಯತ್ನಿಸಿದ. ಸೀಸರ್ ಪದವಿಯನ್ನು, ಎಂದರೆ ಚಕ್ರವರ್ತಿಗೆ ಎರಡನೆಯದಾದ ಸ್ಥಾನವನ್ನು ಕೊಡುವುದಾಗಿ ದೂತರ ಮೂಲಕ ಹೇಳಿಕಳುಹಿಸಿದ. ಷರತ್ತುಗಳು ಹೊಂದದೆ ಮಾತುಕತೆ ಮುರಿದುಬಿತ್ತು. ಆಗ ಅವನ ಮೇಲೆ ಯುದ್ಧಕ್ಕೆ ಹೊರಟವನು ಇಪ್ಪತ್ತರ ಹರೆಯದ ಸೇನಾಪತಿ ಅಲೆಕ್ಸಿಯೊಸ್ ಕೊಮ್ನೆನೊಸ್.

ಕಲವ್ರಿಯೆ ಎಂಬಲ್ಲಿ ಎರಡು ಸೇನೆಗಳೂ ಎದುರಾದವು. ಅಲೆಕ್ಸಿಯೊಸನ ಸೈನ್ಯ ಸಣ್ಣದು, ಬಹುಪಾಲು ಹೊಸಬರದು. ಅದು ಸೋಲುತ್ತಲೂ ಇತ್ತು. ಅಷ್ಟರಲ್ಲಿ ರಾಜಲಾಂಛನಗಳಿಂದ ಸಿಂಗರಿಸಿದ ಬ್ರಿಯೆನ್ನಿಯೊಸನ ಕುದುರೆಯೊಂದು ಅಲೆಕ್ಸಿಯೊಸನ ಕೈಗೆ ಸಿಕ್ಕಿತು. ಅದನ್ನು ಮೆರೆಸಿ, ಬ್ರಿಯೆನ್ನಿಯೊಸ್ ಸತ್ತನೆಂದು ಡಂಗುರ ಹೊಯ್ಸಿದ. ಓಡುತ್ತಿದ್ದವರು ನಿಂತರು. ಅತ್ತ ಬ್ರಿಯೆನ್ನಿಯೊಸನ ಕೂಲಿಪಡೆಯವರಾದ ಪೆಚೆನೆಗರು ಶತ್ರುವನ್ನು ಬಿಟ್ಟು ತಮ್ಮ ಒಡೆಯನ ಪಾಳೆಯವನ್ನೇ ಲೂಟಿಮಾಡತೊಡಗಿದರು. ಗೆಲ್ಲುತ್ತಿದ್ದ ಸೇನೆ ಚದುರಿತು. ಹಿರಿಯ ಬ್ರಿಯೆನ್ನಿಯೊಸ್ ಸೆರೆಸಿಕ್ಕ.

ಸೆರೆಯಾಳನ್ನು ಕರೆದೊಯ್ಯುವ ದಾರಿಯಲ್ಲಿ ನಡೆದ ಒಂದು ಪ್ರಸಂಗವನ್ನು ಅಲೆಕ್ಸಿಯೊಸನ ಮಗಳು ಆನ್ನಾ ತನ್ನ ಗ್ರಂಥದಲ್ಲಿ ಬರೆದಿದ್ದಾಳೆ. ದಣಿದ ಅಲೆಕ್ಸಿಯೊಸ್ ತನ್ನ ಕತ್ತಿಯನ್ನು ಮರದ ಕೊಂಬೆಗೆ ತೂಗುಹಾಕಿ ನೆರಳಿನಲ್ಲಿ ಮಲಗಿ ನಿದ್ದೆಹೋದ. ಪಕ್ಕದಲ್ಲಿದ್ದ ಸೆರೆಯಾಳಿಗೆ ನಿದ್ದೆ ಬರಲಿಲ್ಲ. ಕತ್ತಿ ಕಾಣುತ್ತಿತ್ತು, ಸುತ್ತ ಯಾರೂ ಇರಲಿಲ್ಲ. ಕೊಲ್ಲಬೇಕೆಂಬ ಯೋಚನೆ ಬಂದಿತು. ಆದರೆ ಕೈ ಏಳಲಿಲ್ಲ. ದೈವವೇ ತಡೆಯಿತು ಎನ್ನುತ್ತಾಳೆ ಆನ್ನಾ. ಆ ಬಳಿಕ ಚಕ್ರವರ್ತಿಯ ಸೇವಕ ಬೊರಿಲೊಸ್ ಎಂಬವನು ಬಂದು ಸೆರೆಯಾಳನ್ನು ವಶಕ್ಕೆ ತೆಗೆದುಕೊಂಡು ಕಣ್ಣು ಕೀಳಿಸಿದ. ಅಲೆಕ್ಸಿಯೊಸನಿಗೆ ಆ ಪಾಪ ತಟ್ಟದೆಂದು ಆನ್ನಾ ಒತ್ತಿ ಹೇಳುತ್ತಾಳೆ. ಅದೇ ಮನೆತನದ ಸೊಸೆಯಾದವಳು ಆಕೆ; ಒತ್ತಿ ಹೇಳಬೇಕಾದ ಅಗತ್ಯ ಅವಳಿಗಿತ್ತು.

1081ರ ಏಪ್ರಿಲಿನಲ್ಲಿ ಅಲೆಕ್ಸಿಯೊಸ್ ತಾನೇ ದಂಗೆಯೆದ್ದು ಚಕ್ರವರ್ತಿಯಾದ. ದಂಗೆಯಿಂದ ಬಂದವನಿಗೆ ಮುಂದಿನ ದಂಗೆಯನ್ನು ತಡೆಯುವುದೇ ಮೊದಲ ಕೆಲಸ. ಅದಕ್ಕೆ ಆತ ಹಿಡಿದ ದಾರಿ ವಿಚಾರಾರ್ಹವಾದುದು. ದೊಡ್ಡ ಮನೆತನಗಳನ್ನು ಹೊಸಕಿಹಾಕುವ ಬದಲು ಅವುಗಳೊಡನೆ ನಂಟಸ್ತಿಕೆ ಬೆಳೆಸಿದ. ಶತ್ರುವಿನ ಮಗನನ್ನು ಅಳಿಯನನ್ನಾಗಿ ಮಾಡಿಕೊಂಡರೆ ಅವನು ಪೀಠವನ್ನು ಕೀಳಲು ಹೋಗಲಾರ ಎಂಬುದು ಅವನ ಎಣಿಕೆ. ನಂಟರೆಲ್ಲರಿಗೂ ಹಂಚಲು ಹಳೆಯ ಬಿರುದುಗಳು ಸಾಲಲಿಲ್ಲ, ಹೊಸವನ್ನು ಸೃಷ್ಟಿಸಿದ. ಅಣ್ಣನಾದ ಐಸಾಕನಿಗೆ ‘ಸೆಬಾಸ್ಟೊಕ್ರಾಟೋರ್’ ಎಂಬ ಪದವಿಯನ್ನು ಕಲ್ಪಿಸಿದ್ದರಿಂದ ಹಿಂದೆ ಎರಡನೆಯದಾಗಿದ್ದ ಸೀಸರ್ ಪದವಿ ಮೂರನೆಯದಾಯಿತು. ಅದರ ಕೆಳಗೆ ‘ಪಾನ್‌ಹೈಪರ್‌ಸೆಬಾಸ್ಟೊಸ್’ ಎಂಬ ಇನ್ನೊಂದು ಪದವಿ ಹುಟ್ಟಿತು. ‘ಎಲ್ಲರಿಗಿಂತ ಮಿಗಿಲಾಗಿ ಪೂಜ್ಯನಾದವನು’ ಎಂದು ಅದನ್ನು ಸ್ಥೂಲವಾಗಿ ಕನ್ನಡಿಸಬಹುದು.

ಹಿರಿಯ ಬ್ರಿಯೆನ್ನಿಯೊಸನಿಗೆ ಕಣ್ಣು ಹೋದ ಮೇಲೆ ಆಸ್ತಿಯೂ ಗೌರವವೂ ಮರಳಿ ದೊರೆತಿದ್ದವು. 1095ರ ಸುಮಾರಿಗೆ ರೊಮಾನೊಸ್ ಚಕ್ರವರ್ತಿಯ ಮಗ ತಾನೆಂದು ಹೇಳಿಕೊಂಡ ಒಬ್ಬ ವೇಷಧಾರಿ ಕ್ಯುಮನ್ ಪಡೆಯೊಡನೆ ಆಡ್ರಿಯನೋಪಲ್ ಕೋಟೆಯ ಬಳಿಗೆ ಬಂದ. ಕಣ್ಣಿಲ್ಲದ ವೃದ್ಧ ಕೋಟೆಯ ಮೇಲಿನಿಂದ ಬಾಗಿ, ಅವನ ದನಿಯನ್ನು ಕೇಳಿ, ಇವನು ರೊಮಾನೊಸನ ಮಗನಲ್ಲ ಎಂದು ತೀರ್ಪಿತ್ತ. ತನ್ನನ್ನು ಸೋಲಿಸಿದವನ ಪೀಠವನ್ನು ಅಂದು ಆತನೇ ಕಾಯ್ದನೆನ್ನಬೇಕು. ಹಾಳಾಗಿದ್ದ ನಂಬಿಕೆ ಎರಡು ಮನೆತನಗಳ ನಡುವೆ ಪುನಃ ಕುದುರುತ್ತಿತ್ತು. 1097ರ ಸುಮಾರಿಗೆ ಅಲೆಕ್ಸಿಯೊಸನ ಹಿರಿಯ ಮಗಳು ಆನ್ನಾ ಕೊಮ್ನಿನಾಳಿಗೂ ಈ ವೃದ್ಧನ ಮೊಮ್ಮಗನಿಗೂ ವಿವಾಹ ನೆರವೇರಿತು. ಕಣ್ಣು ಕಳೆದುಕೊಂಡವನ ಮೊಮ್ಮಗ, ಯುದ್ಧದಲ್ಲಿ ಅವನನ್ನು ಹಿಡಿದವನ ಅಳಿಯನಾದ.

ವಧುವಿನ ವಿಷಯವನ್ನೂ ಇಲ್ಲಿ ಹೇಳಬೇಕು. ಆನ್ನಾ 1083ರ ಡಿಸೆಂಬರಿನಲ್ಲಿ ಅರಮನೆಯ ಕೆನ್ನೀಲಿ ಕಲ್ಲಿನ ಕೋಣೆಯಲ್ಲಿ ಹುಟ್ಟಿದವಳು. ಆಳುವ ಚಕ್ರವರ್ತಿಯ ಮಕ್ಕಳಿಗೆ ಮಾತ್ರ ಸಲ್ಲುವ ಗೌರವವದು. ಶಿಶುವಾಗಿದ್ದಾಗಲೇ ಏಳನೆಯ ಮೈಕೇಲನ ಮಗ ಕಾನ್‌ಸ್ಟಾಂಟೈನನಿಗೆ ಅವಳನ್ನು ನಿಶ್ಚಯ ಮಾಡಿದ್ದರು. ಇಬ್ಬರೂ ಮುಂದೆ ಪೀಠವನ್ನೇರುವರೆಂಬ ನಿರೀಕ್ಷೆಯಿತ್ತು. 1087ರಲ್ಲಿ ತಮ್ಮ ಜಾನ್ ಹುಟ್ಟಿದ. ಗಂಡುಸಂತಾನವಾದ ಮೇಲೆ ಅಕ್ಕನ ಭಾಗ್ಯ ಇಳಿಯಿತು. ಕಾನ್‌ಸ್ಟಾಂಟೈನನೂ ಅಕಾಲದಲ್ಲಿ ತೀರಿಕೊಂಡ. ಹದಿಮೂರು ಹದಿನಾಲ್ಕರ ಆ ಬಾಲೆಗೆ ದೊರೆತ ವರ ಬ್ರಿಯೆನ್ನಿಯೊಸ್. ಗಂಡ ಹೆಂಡಿರಿಬ್ಬರೂ ಹೋಮರನನ್ನು ಓದಿದವರು, ವಿದ್ಯೆಯಲ್ಲಿ ಸರಿಸಮಾನರು. ರಾಜಕಾರಣಕ್ಕಾಗಿ ನಡೆದ ಈ ಮದುವೆ ಒಲವಿನ ದಾಂಪತ್ಯವಾಯಿತೆಂಬುದಕ್ಕೆ ಆನ್ನಾಳ ಬರಹವೇ ಸಾಕ್ಷಿ.

ಇನ್ನು ಬ್ರಿಯೆನ್ನಿಯೊಸನ ಸೇವೆಯ ಪ್ರಸಂಗಗಳು. ಮೊದಲನೆಯದು 1097ರ ಏಪ್ರಿಲ್ 2ರಂದು, ಈಸ್ಟರಿನ ಹಿಂದಿನ ಪವಿತ್ರ ಗುರುವಾರ ನಡೆಯಿತು. ಜೆರೂಸಲೇಮಿಗೆ ಹೊರಟಿದ್ದ ಮೊದಲನೆಯ ಕ್ರುಸೇಡಿನ ಯೋಧರಲ್ಲಿ ಗಾಡ್‌ಫ್ರೆ ಎಂಬ ನಾಯಕನ ಪಡೆ ಕಾನ್‌ಸ್ಟಾಂಟಿನೋಪಲಿನ ಕೋಟೆಯ ಮೇಲೆಯೇ ಬಿದ್ದಿತು. ಪವಿತ್ರ ದಿನದಂದು ಕ್ರೈಸ್ತರು ಕ್ರೈಸ್ತರ ರಕ್ತ ಸುರಿಸಬಾರದೆಂದು ಅಲೆಕ್ಸಿಯೊಸನ ಬಯಕೆ. ಕೋಟೆಯ ಮೇಲೆ ಬಿಲ್ಲಾಳುಗಳನ್ನು ನಿಲ್ಲಿಸಿ, ಅವರ ಮುಂದಾಳಾಗಿ ಅಳಿಯನನ್ನು ನೇಮಿಸಿದ. ಬಾಣಗಳನ್ನು ಬಿಡಬೇಕು, ಆದರೆ ಆದಷ್ಟೂ ಆಳುಗಳಿಗೆ ತಾಕಬಾರದು, ಕುದುರೆಗಳಿಗೆ ತಾಕಬೇಕು. ಪತಿಯ ಬಿಲ್ಗಾರಿಕೆಯನ್ನು ವರ್ಣಿಸುವಾಗ ಆನ್ನಾ ಹೋಮರನ ವೀರರನ್ನೇ ಕರೆತರುತ್ತಾಳೆ. ನಾವು ಗಮನಿಸಬೇಕಾದುದು ಬೇರೆ: ಕೊಲ್ಲುವುದಕ್ಕಿಂತ ಕೊಲ್ಲದೆ ಹಿಮ್ಮೆಟ್ಟಿಸುವುದಕ್ಕೆ ಹೆಚ್ಚಿನ ಕೌಶಲ ಬೇಕು. ಆ ಕೆಲಸಕ್ಕೆ ಮಾವ ಆರಿಸಿದ್ದು ಈತನನ್ನು.

ಎರಡನೆಯದು 1108ರಲ್ಲಿ. ನಾರ್ಮನ್ನರ ನಾಯಕ ಬೊಹೆಮಾಂಡ್ ಆಡ್ರಿಯಾಟಿಕ್ ಸಮುದ್ರತೀರದ ಡಿರಾಖಿಯೊನ್ ಕೋಟೆಯನ್ನು ಮುತ್ತಿ, ಗೆಲ್ಲಲಾರದೆ, ಹಸಿವು ರೋಗಗಳಿಂದ ಸೊರಗಿ ಸಂಧಿಗೆ ಬಂದ. ಷರತ್ತುಗಳನ್ನು ಕೇಳಿ, ಅವಮಾನವೆಂದು ಬಗೆದು, ಹಿಂದಿರುಗಲು ಎದ್ದುನಿಂತ. ಆಗ ಪಾನ್‌ಹೈಪರ್‌ಸೆಬಾಸ್ಟೊಸ್ ಆಗಿದ್ದ ಬ್ರಿಯೆನ್ನಿಯೊಸ್ ಅವನೊಡನೆ ಮಾತನಾಡಿ, ಸಮಾಧಾನಪಡಿಸಿ, ಹೆಚ್ಚಿನ ಷರತ್ತುಗಳಿಗೆ ಒಪ್ಪಿಸಿ, ಕೈಹಿಡಿದು ಚಕ್ರವರ್ತಿಯ ಬಳಿಗೆ ಕರೆತಂದ. ಡೆವೊಲ್ ಒಪ್ಪಂದವೆಂದು ಹೆಸರಾದ ಆ ಸಂಧಿ ಹೀಗೆ ಒಬ್ಬ ಯೋಧನ ಮಾತಿನಿಂದ ಕುದುರಿತು. ಮುಂದೆ ಸೀಸರ್ ಪದವಿಯೂ ಅವನಿಗೆ ಬಂತು. ಅಜ್ಜನಿಗೆ ಬಂದಂತೆ ಬಂದು ತಪ್ಪಿಹೋದ ಪದವಿ ಮೊಮ್ಮಗನ ಪಾಲಿಗೆ ರಕ್ತವಿಲ್ಲದೆ ಒಲಿಯಿತು.

ಮೂರನೆಯದು 1116ರ ದಂಡಯಾತ್ರೆ. ಏಷ್ಯಾ ಮೈನರಿನ ಒಳನಾಡಿನಲ್ಲಿ, ಫಿಲೊಮೆಲಿಯೊನ್ ಪ್ರಾಂತದಲ್ಲಿ, ಅಲೆಕ್ಸಿಯೊಸ್ ಕೊನ್ಯಾದ ಸುಲ್ತಾನನೊಡನೆ ಸೆಣಸಿದ. ಅಲ್ಲಿನ ಕ್ರೈಸ್ತ ನಿರಾಶ್ರಿತರನ್ನು, ಹೆಂಗಸರು ಮಕ್ಕಳನ್ನು, ಸೇನೆಯ ನಡುವೆ ಇರಿಸಿಕೊಂಡು ಆತ ಹಿಂದಿರುಗುತ್ತಿದ್ದ. ತುರ್ಕರು ಹಿಂದೆ ಮುಂದೆ ಎರಗುತ್ತಿದ್ದರು. ಬಲಪಕ್ಕವನ್ನು ನಡೆಸುತ್ತಿದ್ದ ಬ್ರಿಯೆನ್ನಿಯೊಸ್ ಕೆಣಕಿಗೆ ಒಳಗಾಗಿ ಮುನ್ನುಗ್ಗಿದ್ದರೆ ವ್ಯೂಹ ಒಡೆದು ನಡುವಿನ ಜನ ಬಯಲಾಗುತ್ತಿದ್ದರು. ಆತ ತಡೆದುಕೊಂಡ, ಸಮಯ ಒದಗಿದಾಗ ಮಾತ್ರ ತಿರುಗಿಬಿದ್ದು ವೈರಿಯನ್ನು ಅಟ್ಟಿದ. ಈ ಮೂರು ಪ್ರಸಂಗಗಳಲ್ಲಿಯೂ ಕಾಣುವ ಗುಣ ಒಂದೇ, ಅದು ಸಂಯಮ. ಅದೇ ಗುಣ ಅವನ ಬಾಳಿನ ಅತ್ಯಂತ ಕಠಿಣವಾದ ಪರೀಕ್ಷೆಯಲ್ಲಿ ದೋಷವೆನಿಸಿಕೊಂಡಿತು.

1118ರ ಆಗಸ್ಟ್ ತಿಂಗಳಿನಲ್ಲಿ ಅಲೆಕ್ಸಿಯೊಸ್ ಮರಣಶಯ್ಯೆಯಲ್ಲಿದ್ದ. ಸಾಮ್ರಾಜ್ಞಿ ಐರೀನಳಿಗೆ ಮಗ ಜಾನನಿಗಿಂತ ಅಳಿಯನ ಮೇಲೆ ಹೆಚ್ಚು ಭರವಸೆ. ವಿದ್ಯಾವಂತ, ಅನುಭವಿ, ಮಾತುಬಲ್ಲವ. ಅವನನ್ನೇ ಉತ್ತರಾಧಿಕಾರಿಯನ್ನಾಗಿ ಮಾಡಬೇಕೆಂದು ಆಕೆ ಗಂಡನನ್ನು ಪೀಡಿಸಿದಳು. ಮಗನಿರುವಾಗ ಅಳಿಯನಿಗೆ ಪಟ್ಟ ಕಟ್ಟಿದರೆ ಲೋಕ ನಕ್ಕೀತು ಎಂಬುದು ಅಲೆಕ್ಸಿಯೊಸನ ಭಾವನೆ. ತಾಯಿ ಇಲ್ಲದ ಸಮಯ ನೋಡಿ ಮಗ ತಂದೆಯ ಬಳಿಗೆ ಬಂದು, ಅವನ ಬೆರಳಿನ ಮುದ್ರೆಯುಂಗುರವನ್ನು ತೆಗೆದುಕೊಂಡು, ಕುದುರೆಯೇರಿ, ಮಹಾ ಅರಮನೆಯನ್ನು ವಶಪಡಿಸಿಕೊಂಡ. ಆಗಸ್ಟ್ 15ರಂದು ಅಲೆಕ್ಸಿಯೊಸ್ ಕೊನೆಯುಸಿರೆಳೆದ.

ಮುಂದಿನ ಕಥೆಯನ್ನು ಹೇಳುವವನು ನಿಕೀಟಾಸ್ ಖೋನಿಯಾಟಿಸ್ ಎಂಬ ಚರಿತ್ರಕಾರ. ವರ್ಷ ತುಂಬುವ ಮೊದಲೇ ಬ್ರಿಯೆನ್ನಿಯೊಸನ ಪರವಾಗಿ ಒಳಸಂಚು ನಡೆಯಿತಂತೆ. ಕೋಟೆಯ ಹೊರಗಿನ ಫಿಲೊಪಾಟಿಯೊನ್ ಎಂಬ ವಿಹಾರಸ್ಥಾನದಲ್ಲಿ ಚಕ್ರವರ್ತಿ ಜಾನ್ ತಂಗಿದ್ದ ರಾತ್ರಿ ಅವನನ್ನು ಕೊಲ್ಲಬೇಕೆಂದು ನಿಶ್ಚಯವಾಗಿತ್ತು. ಬಾಗಿಲು ಕಾಯುವವನಿಗೆ ಲಂಚ ಸಂದಿತ್ತು. ಆದರೆ ಯಾರಿಗಾಗಿ ಇದೆಲ್ಲ ನಡೆಯಿತೋ ಆ ಬ್ರಿಯೆನ್ನಿಯೊಸ್ ಹೊರಡಲಿಲ್ಲ. ತಡಮಾಡಿದ, ಸುಮ್ಮನೆ ಕುಳಿತ. ಸಂಚು ಬಯಲಾಯಿತು. ಪ್ರಕೃತಿ ತನ್ನನ್ನು ಹೆಣ್ಣಾಗಿಯೂ ಗಂಡನನ್ನು ಗಂಡಾಗಿಯೂ ಮಾಡಿ ತಪ್ಪೆಸಗಿತೆಂದು ಆನ್ನಾ ಹಲುಬಿದಳು ಎಂದು ಆ ಚರಿತ್ರಕಾರ ಬರೆಯುತ್ತಾನೆ.

ಚಕ್ರವರ್ತಿ ಜಾನ್ ಯಾರ ಕಣ್ಣನ್ನೂ ಕೀಳಿಸಲಿಲ್ಲ. ಆಸ್ತಿಯನ್ನು ಮಾತ್ರ ವಶಪಡಿಸಿಕೊಂಡ. ಅಕ್ಕನ ಚಿನ್ನ, ಬೆಳ್ಳಿ, ವಸ್ತ್ರಗಳನ್ನೆಲ್ಲ ಒಂದು ಕೋಣೆಯಲ್ಲಿ ರಾಶಿಹಾಕಿಸಿ, ತನ್ನ ಆಪ್ತನಾದ ಜಾನ್ ಆಕ್ಸೂಖನಿಗೆ ಅದನ್ನು ಉಡುಗೊರೆಯಾಗಿ ನೀಡಹೊರಟ. ಈ ಆಕ್ಸೂಖ್ ಹುಟ್ಟಿನಿಂದ ತುರ್ಕ. 1097ರಲ್ಲಿ ನಿಕೇಯಾ ನಗರದಲ್ಲಿ ಸೆರೆಸಿಕ್ಕಿ ಬಂದ ಬಾಲಕ, ಅರಮನೆಯಲ್ಲಿ ರಾಜಕುಮಾರನ ಒಡನಾಡಿಯಾಗಿ ಬೆಳೆದವನು. ಅವನು ಆ ಐಶ್ವರ್ಯವನ್ನು ಒಲ್ಲೆನೆಂದ. ತಪ್ಪು ಮಾಡಿದರೂ ಅಕ್ಕ ಅಕ್ಕನೇ, ಆಕೆಯ ಸೊತ್ತು ಆಕೆಗೆ ಸೇರಲಿ ಎಂದು ಬೇಡಿಕೊಂಡ. ಚಕ್ರವರ್ತಿ ಒಪ್ಪಿದ.

ಈ ಕಥೆಯನ್ನು ಎಷ್ಟರಮಟ್ಟಿಗೆ ನಂಬಬೇಕು? ಖೋನಿಯಾಟಿಸ್ ಹುಟ್ಟಿದ್ದು ಈ ಘಟನೆಗಳಾದ ಮೂವತ್ತು ವರ್ಷಗಳಿಗೂ ಈಚೆಗೆ. ತನ್ನ ಕಾಲದ ವಿನಾಶಕ್ಕೆ ಕೊಮ್ನೆನೊಸ್ ಮನೆತನದ ಒಳಜಗಳಗಳೇ ಮೂಲವೆಂದು ತೋರಿಸುವುದು ಅವನ ಉದ್ದೇಶವೂ ಆಗಿತ್ತು. ಲಿಯೊನೋರಾ ನೆವಿಲ್ ಎಂಬ ವಿದುಷಿ ಬ್ರಿಯೆನ್ನಿಯೊಸನ ಗ್ರಂಥವನ್ನು ಕುರಿತು 2012ರಲ್ಲಿಯೂ ಆನ್ನಾಳನ್ನು ಕುರಿತು 2016ರಲ್ಲಿಯೂ ಒಂದೊಂದು ಪುಸ್ತಕ ಪ್ರಕಟಿಸಿದ್ದಾರೆ. ಅಧಿಕಾರದ ಹಸಿವಿನಿಂದ ಕುದಿಯುವ ಆನ್ನಾಳ ಚಿತ್ರವನ್ನು ಆಧಾರಗಳು ಅಷ್ಟಾಗಿ ಸಮರ್ಥಿಸುವುದಿಲ್ಲವೆಂದು ಅವರ ವಾದ. ಸಂಚಿನ ವಿವರಗಳು ಏನೇ ಇರಲಿ, ಒಂದು ಸಂಗತಿ ನಿರ್ವಿವಾದ. 1118ರ ಬಳಿಕವೂ ಬ್ರಿಯೆನ್ನಿಯೊಸ್ ಸೀಸರನಾಗಿಯೇ ಉಳಿದ. ಮೈದುನನಾದ ಜಾನನ ಸೇನೆಯಲ್ಲಿ ಸೇವೆ ಸಲ್ಲಿಸುತ್ತಲೇ ಮುಪ್ಪಿಗೆ ಸಂದ. ಎದುರಾಳಿಗಳಾಗಿರಬೇಕಾಗಿದ್ದ ಇಬ್ಬರು ಒಂದೇ ಪಾಳೆಯದಲ್ಲಿ ಬಾಳಿದರು.

ಇಷ್ಟಾದ ಮೇಲೆ ಅವನ ಗ್ರಂಥಕ್ಕೆ ಬರೋಣ. ಅಲೆಕ್ಸಿಯೊಸನ ಚರಿತ್ರೆಯನ್ನು ಬರೆಯಬೇಕೆಂದು ಅತ್ತೆ ಐರೀನ್ ಅವನನ್ನು ಕೇಳಿಕೊಂಡಿದ್ದಳು. ಆತ ಬರೆದ ಗ್ರಂಥದ ಹೆಸರು ‘ಹ್ಯೂಲೆ ಹಿಸ್ಟೊರಿಯಾಸ್’. ‘ಹ್ಯೂಲೆ’ ಎಂದರೆ ಗ್ರೀಕಿನಲ್ಲಿ ಮರದ ದಿಮ್ಮಿ, ಕಟ್ಟಡಕ್ಕೆ ಬೇಕಾಗುವ ಸಾಮಗ್ರಿ. ‘ಇತಿಹಾಸದ ಸಾಮಗ್ರಿ’ ಎನ್ನಬಹುದು. ತಾನು ಮನೆ ಕಟ್ಟುತ್ತಿಲ್ಲ, ಮುಂದೆ ಕಟ್ಟುವವರಿಗೆ ಮರ ಒಟ್ಟಿಕೊಡುತ್ತಿದ್ದೇನೆ ಎಂಬ ವಿನಯ ಆ ಹೆಸರಿನಲ್ಲಿದೆ. ನಾಲ್ಕು ಭಾಗಗಳ ಈ ಕೃತಿ ಕೊಮ್ನೆನೊಸ್ ಮನೆತನದ ಮೂಲದಿಂದ ಹೊರಟು, ಮಂಜಿಕರ್ಟ್ ಯುದ್ಧವನ್ನು ಹಾದು, 1070ರ ದಶಕದ ಕೊನೆಯ ತನಕ ಬರುತ್ತದೆ.

ಇಲ್ಲಿ ಗ್ರಂಥಕರ್ತನಿಗೆ ಒದಗಿದ ಸಂಕಟವನ್ನು ಊಹಿಸಿಕೊಳ್ಳಬೇಕು. ಕಥಾನಾಯಕ ಮಾವ. ಅವನ ಮೊದಲ ದೊಡ್ಡ ಗೆಲುವು ಕಲವ್ರಿಯೆ. ಅಲ್ಲಿ ಸೋತವನು ಅಜ್ಜ. ಮಾವನನ್ನು ಹೊಗಳಿದರೆ ಅಜ್ಜ ದ್ರೋಹಿ. ಅಜ್ಜನನ್ನು ಹೊಗಳಿದರೆ ಮಾವನ ಗೆಲುವು ಅನ್ಯಾಯದ್ದು. ಬ್ರಿಯೆನ್ನಿಯೊಸ್ ಎರಡನ್ನೂ ಮಾಡಲಿಲ್ಲ. ಅಜ್ಜನನ್ನು ಗಂಭೀರನಾದ, ಬಯಲಿನಲ್ಲಿ ನೇರವಾಗಿ ನಿಂತು ಕಾದುವ ವೀರನಾಗಿ ಚಿತ್ರಿಸಿದ. ಮಾವನನ್ನು ಕುದುರೆಯ ಉಪಾಯದಿಂದ, ಬುದ್ಧಿಯ ಚುರುಕಿನಿಂದ ಗೆದ್ದವನಾಗಿ ಚಿತ್ರಿಸಿದ. ಯಾರು ಹೆಚ್ಚೆಂಬ ತೀರ್ಪನ್ನು ಓದುವವರಿಗೆ ಬಿಟ್ಟ. ಇಬ್ಬರು ಹಿರಿಯರಿಗೂ ನ್ಯಾಯ ಸಲ್ಲಬೇಕೆಂಬ ಈ ಹಂಬಲ ಆ ಪುಸ್ತಕಕ್ಕೆ ಜೀವ ತಂದಿದೆ.

ಅದೇ ಗ್ರಂಥದ ಮೊದಲ ಭಾಗದಲ್ಲಿ ಇನ್ನೊಂದು ಪ್ರಸಂಗವಿದೆ. 1059ರಲ್ಲಿ ಚಕ್ರವರ್ತಿ ಐಸಾಕ್ ಕೊಮ್ನೆನೊಸ್ ಕಾಯಿಲೆ ಬಿದ್ದು, ಪೀಠವನ್ನು ತ್ಯಜಿಸಲು ನಿರ್ಧರಿಸಿ, ತಮ್ಮನಾದ ಜಾನನಿಗೆ ಅದನ್ನು ಕೊಡಮುಂದಾದ. ಈ ಜಾನ್ ಅಲೆಕ್ಸಿಯೊಸನ ತಂದೆ. ಅವನು ಒಲ್ಲೆನೆಂದ. ಅವನ ಹೆಂಡತಿ ಆನ್ನಾ ದಲಸ್ಸಿನಾ ಅತ್ತಳು, ವಾದಿಸಿದಳು. ಪೀಠವನ್ನು ಬೇರೆಯವರಿಗೆ ಬಿಟ್ಟರೆ ಅವರು ನಮ್ಮನ್ನು ಉಳಿಸುವರೇ, ಮಕ್ಕಳ ಗತಿಯೇನು ಎಂದು ದೀರ್ಘವಾಗಿ ಹಂಗಿಸಿದಳು. ಗಂಡ ಅಲುಗಲಿಲ್ಲ. ಪೀಠ ಡೂಕಸ್ ಮನೆತನಕ್ಕೆ ಹೋಯಿತು. ಒಲ್ಲದ ಗಂಡ, ಒತ್ತಾಯಿಸುವ ಹೆಂಡತಿ, ಆ ಹೆಂಡತಿಯ ಹೆಸರೂ ಆನ್ನಾ! ಈ ಪ್ರಸಂಗವನ್ನು ಬರೆದವನು ಮುಂದೆ ಅದೇ ಬಗೆಯ ಕಥೆಯ ನಾಯಕನೆನಿಸಿಕೊಂಡ ಬ್ರಿಯೆನ್ನಿಯೊಸ್. ಅವನು ಹೆಂಡತಿಯ ವಾದವನ್ನು ದುರ್ಬಲಗೊಳಿಸಿಲ್ಲ. ಅದರ ಪೂರ್ಣ ಶಕ್ತಿಯೊಡನೆ ಬರೆದಿದ್ದಾನೆ. ಹಾಗೆಯೇ ಒಲ್ಲೆನೆಂದವನನ್ನು ಹೇಡಿಯೆಂದೂ ಕರೆದಿಲ್ಲ. ಪೀಠವನ್ನು ನಿರಾಕರಿಸಲು ಏನು ಬೆಲೆ ತೆರಬೇಕೆಂಬುದು ಅವನಿಗೆ ಗೊತ್ತಿತ್ತು. ಬಯಸಿದರೆ ತೆರಬೇಕಾದ ಬೆಲೆಯನ್ನಂತೂ ಅಜ್ಜನ ಮುಖದಲ್ಲಿಯೇ ಕಂಡಿದ್ದ.

ಗ್ರಂಥ ಪೂರ್ತಿಯಾಗಲಿಲ್ಲ. ಚಕ್ರವರ್ತಿ ಜಾನ್ ಸಿರಿಯಾದ ಕಡೆಗೆ, ಆಂಟಿಯೋಕ್ ನಗರದ ಮೇಲೆ ದಂಡೆತ್ತಿ ಹೋದಾಗ ಈ ಸೀಸರನೂ ಹೊರಟ. ಡೇರೆಗಳ ನಡುವೆಯೂ ಬರೆಯುತ್ತಿದ್ದನೆಂದು ಆನ್ನಾ ಹೇಳುತ್ತಾಳೆ. ಬಿಸಿಲು, ಆಯಾಸ, ಬಿಡುವಿಲ್ಲದ ಪ್ರಯಾಣ ಇವುಗಳಿಂದ ದೇಹದಲ್ಲಿ ಬಾವು ಎದ್ದು, ಕಾಯಿಲೆಯಿಂದ ಮನೆಗೆ ಮರಳಿದ. 1130ರ ದಶಕದ ಕೊನೆಯ ಭಾಗದಲ್ಲಿ ತೀರಿಕೊಂಡ. ಮಾವ ಪೀಠವನ್ನೇರುವ ಘಟ್ಟವನ್ನು ಬರಹ ಮುಟ್ಟಿಯೇ ಇರಲಿಲ್ಲ.

ಗಂಡ ನಿಲ್ಲಿಸಿದಲ್ಲಿಂದ ಹೆಂಡತಿ ಲೇಖನಿ ಹಿಡಿದಳು. ಹದಿನೈದು ಭಾಗಗಳ ‘ಅಲೆಕ್ಸಿಯಡ್’ ಹುಟ್ಟಿದ್ದು ಹೀಗೆ. ಮಧ್ಯಯುಗದ ಮಹಿಳೆಯೊಬ್ಬಳು ಬರೆದ ಈ ಮಹಾಚರಿತ್ರೆಯ ಪೀಠಿಕೆಯಲ್ಲಿ ಆಕೆ ಗಂಡನ ಮರಣವನ್ನು ನೆನೆದು ಕಣ್ಣೀರಿಡುತ್ತಾಳೆ. ತಾನು ಈ ಕೆಲಸವನ್ನು ಕೈಗೊಂಡದ್ದೇ ಅವನ ಕೆಲಸ ಅಪೂರ್ಣವಾಗಿ ಉಳಿದುದರಿಂದ ಎನ್ನುತ್ತಾಳೆ. ಅವನು ಒಟ್ಟಿದ ಮರದಿಂದ ಅವಳು ಮನೆ ಕಟ್ಟಿದಳು. ಅವನ ಗ್ರಂಥದ ಗತಿ ಬಹಳ ಕಾಲ ತೂಗುಯ್ಯಾಲೆಯಲ್ಲಿತ್ತು. ಫ್ರಾನ್ಸಿನ ತುಲೂಸ್ ನಗರಕ್ಕೆ ಸೇರಿದ ಒಂದೇ ಒಂದು ಹಸ್ತಪ್ರತಿಯನ್ನು ಆಧರಿಸಿ 1661ರಲ್ಲಿ ಪಿಯೆರ್ ಪುಸೀನ್ ಎಂಬ ಪಾದ್ರಿ ಅದನ್ನು ಅಚ್ಚುಹಾಕಿಸಿದ. ಆಮೇಲೆ ಆ ಹಸ್ತಪ್ರತಿ ಕಳೆದೇಹೋಯಿತು. ಅಚ್ಚಾಗದಿದ್ದರೆ ಪುಸ್ತಕವೇ ಇಲ್ಲ. 1975ರಲ್ಲಿ ಪಾಲ್ ಗೋತಿಯೆ ಫ್ರೆಂಚ್ ಅನುವಾದದೊಡನೆ ಅದರ ಪರಿಷ್ಕೃತ ಆವೃತ್ತಿಯನ್ನು ಹೊರತಂದರು.

ಕೊನೆಯದಾಗಿ ಒಂದು ಪ್ರಶ್ನೆ. ಬ್ರಿಯೆನ್ನಿಯೊಸ್ ಸಾಧಿಸಿದ್ದೇನು? ಅವನ ಇಬ್ಬರು ಗಂಡುಮಕ್ಕಳು ಸಹ ಅವನ ಮನೆತನದ ಹೆಸರನ್ನು ಇಟ್ಟುಕೊಳ್ಳಲಿಲ್ಲ. ಒಬ್ಬ ಕೊಮ್ನೆನೊಸ್ ಎಂದೂ ಇನ್ನೊಬ್ಬ ಡೂಕಸ್ ಎಂದೂ ತಾಯಿಯ ಕಡೆಯ ಹೆಸರುಗಳಿಂದ ಕರೆದುಕೊಂಡರು. ಯಾವ ದೇಶವನ್ನೂ ಅವನು ಗೆಲ್ಲಲಿಲ್ಲ. ಆದರೆ ಆರಂಭದಲ್ಲಿ ಹೇಳಿದ ಲೆಕ್ಕವನ್ನು ಈಗ ಜ್ಞಾಪಿಸಿಕೊಳ್ಳಬೇಕು. 1081ರ ಹಿಂದಿನ ಐವತ್ತಾರು ವರ್ಷಗಳಲ್ಲಿ ಹನ್ನೆರಡಕ್ಕೂ ಹೆಚ್ಚು ಮಂದಿ ಆಳಿದ್ದರು. 1081ರಿಂದ 1180ರವರೆಗಿನ ಸುಮಾರು ನೂರು ವರ್ಷಗಳಲ್ಲಿ ಆಳಿದವರು ಮೂವರೇ: ಅಲೆಕ್ಸಿಯೊಸ್, ಅವನ ಮಗ ಜಾನ್, ಮೊಮ್ಮಗ ಮ್ಯಾನುಯೆಲ್. ನಂಟಸ್ತಿಕೆಯ ಮೇಲೆ ಕಟ್ಟಿದ ಆ ರಾಜ್ಯವ್ಯವಸ್ಥೆ ನಿಂತದ್ದು ಅಲೆಕ್ಸಿಯೊಸನ ಜಾಣ್ಮೆಯೊಂದರಿಂದಲ್ಲ. ಪೀಠದ ಹತ್ತಿರ ನಿಂತ ನಂಟರು ಅದನ್ನು ಎಳೆಯದೆ ಇದ್ದುದರಿಂದ, ಎಳೆದವರನ್ನೂ ಜಾನನಂಥವರು ಕ್ಷಮಿಸಿದುದರಿಂದ.

ಆ ಸಂಯಮ ತಪ್ಪಿದಾಗ ಏನಾಯಿತೆಂಬುದೂ ಚರಿತ್ರೆಯಲ್ಲಿದೆ. 1183ರಲ್ಲಿ ಅಲೆಕ್ಸಿಯೊಸನ ಇನ್ನೊಬ್ಬ ಮೊಮ್ಮಗ ಆಂಡ್ರೊನಿಕೊಸ್, ಬಾಲಕ ಚಕ್ರವರ್ತಿಯನ್ನು ಕೊಲ್ಲಿಸಿ ತಾನೊಬ್ಬನೇ ಅಧಿಪತಿಯಾದ. 1185ರಲ್ಲಿ ರಾಜಧಾನಿಯ ಜನ ಅವನನ್ನು ಚಿತ್ರಹಿಂಸೆ ಮಾಡಿ ಕೊಂದರು. 1195ರಲ್ಲಿ ಅಲೆಕ್ಸಿಯೊಸನ ಮಗಳ ವಂಶದವನಾದ ಎರಡನೆಯ ಐಸಾಕನ ಕಣ್ಣುಗಳನ್ನು ಅವನ ಸ್ವಂತ ಅಣ್ಣನೇ ಕೀಳಿಸಿ ಪೀಠವನ್ನೇರಿದ. ಆ ಕುರುಡನ ಮಗ ನ್ಯಾಯ ಬೇಡಿ ಪಶ್ಚಿಮದ ಕ್ರುಸೇಡ್ ಯೋಧರನ್ನು ಕರೆತಂದ. ಅವರು 1204ರಲ್ಲಿ ಕಾನ್‌ಸ್ಟಾಂಟಿನೋಪಲನ್ನು ಸೂರೆಗೊಂಡು ಸುಟ್ಟರು. ಒಂದು ಕಾಲಕ್ಕೆ ಬ್ರಿಯೆನ್ನಿಯೊಸ್ ನಿಂತು ಕಾಯ್ದಿದ್ದ ಕೋಟೆ, ಮನೆಯವರ ಜಗಳದಿಂದಲೇ ಹೊರಗಿನವರಿಗೆ ಬಾಗಿಲು ತೆರೆಯಿತು. ಖೋನಿಯಾಟಿಸ್ ಆ ಬೆಂಕಿಯನ್ನು ಕಣ್ಣಾರೆ ಕಂಡವನು. ಆ ಸೀಸರನ ತಡಮಾಡುವ ಸ್ವಭಾವವನ್ನು ಆತ ಆಲಸ್ಯವೆಂದು ಕರೆದ. ಅಂಥ ಆಲಸ್ಯ ಇನ್ನೂ ನಾಲ್ಕಾರು ಮಂದಿಯಲ್ಲಿ ಇದ್ದಿದ್ದರೆ ಆ ನಗರ ಇನ್ನಷ್ಟು ಕಾಲ ಸುಖವಾಗಿ ಇರುತ್ತಿತ್ತೇನೋ.